ಹಳೇ ಮೌಂಟನ್ ಬೈಕಿಗೆ ಹೊಸ ಬಣ್ಣ: ಕೊಡಗಿನ ಮಳೆಗೆ ಯಾವುದು ತಾಳುತ್ತದೆ?

ಮಳೆ ಹೊಳವಾಗಿ ನಾಲ್ಕು ದಿನ ಬಿಸಿಲು ಬಂದರೆ ಸಾಕು, ನಮ್ಮಲ್ಲಿ ಅಟ್ಟದಿಂದ, ಕೊಟ್ಟಿಗೆಯಿಂದ, ಜೀಪ್ ಶೆಡ್ಡಿನ ಮೂಲೆಯಿಂದ ಸೈಕಲ್‌ಗಳು ಹೊರಗೆ ಬರುತ್ತವೆ. ಅದರ ಹಿಂದೆಯೇ ಫೋನ್ ಕರೆಗಳೂ ಬರುತ್ತವೆ. "ಫ್ರೇಮ್ ಬಣ್ಣ ಕಿತ್ತು ಬರ್ತಾ ಇದೆ. ಸ್ಪ್ರೇ ಕ್ಯಾನ್ ತಂದು ನಾನೇ ಹೊಡೀಲಾ? ಪೌಡರ್ ಕೋಟಿಂಗ್‌ಗೆ ಕೊಡ್ಲಾ? ಕಾರಿಗೆ ಪೇಂಟ್ ಮಾಡೋರ ಹತ್ತಿರ ಹೋಗ್ಲಾ? ಸುಮ್ನೆ ಹಾಗೇ ಬಿಟ್ಟುಬಿಡ್ಲಾ?"

ಈ ವರ್ಷ ಇದೇ ಪ್ರಶ್ನೆ ಐದಾರು ಜನ ಕೇಳಿದರು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಟ್ಟೆ, ಯಾಕೆಂದರೆ ಒಬ್ಬೊಬ್ಬರ ಸೈಕಲ್ಲೂ ಬೇರೆ, ಅದು ನಿಲ್ಲುವ ಜಾಗವೂ ಬೇರೆ. ಆ ಉತ್ತರಗಳನ್ನೆಲ್ಲ ಒಂದೇ ಕಡೆ ಬರೆದಿಡೋಣ ಅನ್ನಿಸಿತು. ಬಯಲುಸೀಮೆಯವರು ಬರೆದ ಸಲಹೆಗಳನ್ನು ಹಾಗೇ ಎತ್ತಿಕೊಂಡರೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಅಲ್ಲೆಲ್ಲ ಸೈಕಲ್ಲಿನ ಬಣ್ಣ ಚಂದಕ್ಕೆ ಇರುವುದಲ್ಲ, ಅದು ಕಬ್ಬಿಣಕ್ಕೆ ಹಿಡಿದ ಕೊಡೆ.

ಅಂಗಡಿಗೆ ಹೋಗುವ ಮೊದಲು ಫ್ರೇಮ್ ನೋಡಿ

ಆಯ್ಕೆಗಳಿಗೆ ಬರುವ ಮುಂಚೆ ಐದು ವಿಷಯ ತಿಳಿದುಕೊಳ್ಳಬೇಕು.

ಮೊದಲನೆಯದು, ಫ್ರೇಮ್ ಯಾವ ಲೋಹದ್ದು. ಫ್ರಿಜ್ ಮೇಲಿನ ಒಂದು ಅಯಸ್ಕಾಂತ ತೆಗೆದು ಫ್ರೇಮಿಗೆ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಉಕ್ಕು. ಹಳೆಯ ಹೀರೋ ರೇಂಜರ್, ಹರ್ಕ್ಯುಲಿಸ್ ಗಾಡಿಗಳೆಲ್ಲ ಹೆಚ್ಚಾಗಿ ಉಕ್ಕೇ. 'ಕ್ರೋಮೋಲಿ' ಎಂಬ ಸ್ಟಿಕ್ಕರ್ ಇದ್ದರೆ ಅದೂ ಉಕ್ಕೇ, ಆದರೆ ತೆಳುವಾದ, ಒಳ್ಳೆಯ ಉಕ್ಕು. ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಕಾರ್ಬನ್. ಉಕ್ಕು ಕೆಂಪಗೆ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಬರುತ್ತದೆ, ಬಣ್ಣ ಗುಳ್ಳೆ ಏಳುತ್ತದೆ. ಎರಡಕ್ಕೂ ಬಣ್ಣದ ಅಡಿಗೆ ಹಾಕುವ ಪ್ರೈಮರ್ ಬೇರೆ, ಕೆಲಸದ ರೀತಿಯೂ ಬೇರೆ.

ಎರಡನೆಯದು, ಗಾಯ ಎಷ್ಟು ಆಳ. ಇದನ್ನು ಕಣ್ಣಿಂದಲ್ಲ, ಬೆರಳಿಂದ ನೋಡಬೇಕು. ಹೋದ ವರ್ಷ ನನ್ನ ಹಸಿರು ಬಣ್ಣದ ಉಕ್ಕಿನ ಫ್ರೇಮನ್ನು ತಲೆಕೆಳಗಾಗಿ ನಿಲ್ಲಿಸಿ ಕೆಳಭಾಗವನ್ನೆಲ್ಲ ಹೆಬ್ಬೆರಳಿನಿಂದ ಸವರಿದೆ. ಮುಂದೆ ಬ್ರೇಕ್ ಕೇಬಲ್ ಉಜ್ಜುವ ಜಾಗದಲ್ಲಿ ಬಣ್ಣ ಸವೆದು ಬೆಳ್ಳಗೆ ಲೋಹ ಕಾಣುತ್ತಿತ್ತು. ಅದು ಭಯ ಹುಟ್ಟಿಸಲಿಲ್ಲ. ಆದರೆ ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ಟಿನ ಹತ್ತಿರ ಬಣ್ಣ ಪೂರ್ತಿ ಇದ್ದ ಕಡೆ ಅಕ್ಕಿಕಾಳಿನಷ್ಟು ಒಂದು ಗುಳ್ಳೆ ಕೈಗೆ ಸಿಕ್ಕಿತು. ಉಗುರಿನಿಂದ ಒತ್ತಿದೆ. ಕಂದು ನೀರು ಜಿನುಗಿತು. ಬಣ್ಣದ ಸಿಪ್ಪೆ ಎತ್ತಿದರೆ ಕೆಳಗೆ ಎಂಟಾಣೆ ಅಗಲದ ತುಕ್ಕು. ಸವೆದ ಬಣ್ಣಕ್ಕಿಂತ ಉಬ್ಬಿದ ಬಣ್ಣ ಅಪಾಯ. ಸವೆದದ್ದು ಎರಡೋ ಮೂರೋ ಕಡೆ ಮಾತ್ರ ಇದ್ದರೆ ತೇಪೆ ಸಾಕು. ಉಬ್ಬಿದ್ದು ಹಲವು ಕಡೆ ಇದ್ದರೆ ಪೂರ್ತಿ ಕೆರೆಯಲೇಬೇಕು.

ಮೂರನೆಯದು, ಸೈಕಲ್ ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ. ಕುಶಾಲನಗರಕ್ಕೂ ಮಡಿಕೇರಿಗೂ ಮೂವತ್ತು ಕಿಲೋಮೀಟರ್ ಅಷ್ಟೇ ದೂರ. ಮಳೆ ಮಾತ್ರ ಕುಶಾಲನಗರದಲ್ಲಿ ಮಡಿಕೇರಿಯ ಅರ್ಧವೂ ಇಲ್ಲ. ಕುಶಾಲನಗರದಲ್ಲಿ ಮನೆಯೊಳಗೆ ನಿಲ್ಲುವ ಸೈಕಲ್ಲಿಗೆ ಸಾಕಾಗುವ ಬಣ್ಣ ಕಕ್ಕಬೆಯ ತೋಟದಲ್ಲಿ ಎರಡು ಮಳೆಗಾಲ ತಡೆಯಲಿಕ್ಕಿಲ್ಲ.

ನಾಲ್ಕನೆಯದು ದುಡ್ಡು ಮತ್ತು ಬಿಡುವು.

ಐದನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ನನ್ನ ಪ್ರಕಾರ ಅದೇ ಮುಖ್ಯ: ಮೊದಲ ಗೀಚು ಬಿದ್ದ ಮೇಲೆ ಏನಾಗುತ್ತದೆ? ಇದು ಶೋಕೇಸಿನಲ್ಲಿ ಇಡುವ ಸೈಕಲ್ ಅಲ್ಲ. ಮಾಂದಲಪಟ್ಟಿಯ ಜೀಪ್ ದಾರಿಯಲ್ಲಿ ಒಮ್ಮೆ ಇಳಿದರೆ ಕಲ್ಲು ಹಾರಿ ಫ್ರೇಮಿನ ಕೆಳಗಿನ ಓರೆ ಪೈಪಿಗೆ, ಅಂದರೆ ಡೌನ್ ಟ್ಯೂಬಿಗೆ, ಬಡಿದೇ ಬಡಿಯುತ್ತದೆ. ಪಿಕಪ್ಪಿನ ಹಿಂದೆ ಹಗ್ಗ ಕಟ್ಟಿ ಒಯ್ದರೆ ಮೇಲಿನ ಪೈಪು, ಅಂದರೆ ಟಾಪ್ ಟ್ಯೂಬ್, ಸವೆಯುತ್ತದೆ. ಎಂಥ ಗಟ್ಟಿ ಬಣ್ಣಕ್ಕೂ ಗೀಚು ಬೀಳುತ್ತದೆ. ಬಿದ್ದಾಗ ನೀರು ಬಣ್ಣದ ಅಡಿಗೆ ಹರಡುತ್ತದಾ, ಅಲ್ಲೇ ನಿಲ್ಲುತ್ತದಾ? ನೀವೇ ಮನೆಯಲ್ಲಿ ಮುಚ್ಚಬಹುದಾ? ಕೆಳಗಿನ ಒಂದೊಂದು ದಾರಿಯನ್ನೂ ನಾನು ಈ ಪ್ರಶ್ನೆ ಇಟ್ಟುಕೊಂಡೇ ತೂಗಿದ್ದೇನೆ.

ತೇಪೆ ಹಚ್ಚುವುದು

ಬಣ್ಣ ಅಲ್ಲಲ್ಲಿ ಮಾತ್ರ ಹೋಗಿದ್ದರೆ ಇದರಿಂದಲೇ ಶುರು ಮಾಡಿ. ಪಾತ್ರೆ ತೊಳೆಯುವ ಸೋಪಿನಲ್ಲಿ ಫ್ರೇಮ್ ತೊಳೆದು ಪೂರ್ತಿ ಒಣಗಿಸಿ. ಗಾಯದ ಸುತ್ತ ಸಡಿಲವಾದ ಬಣ್ಣವನ್ನೆಲ್ಲ ಬ್ಲೇಡಿನಿಂದ ಎತ್ತಿ. ತುಕ್ಕನ್ನು 120 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಮತ್ತು ಲೋಹ ಸೇರುವ ಅಂಚನ್ನು 400ರಿಂದ ನಯ ಮಾಡಿ. ಬೆರಳಾಡಿಸಿದರೆ ಮೆಟ್ಟಿಲು ಸಿಗಬಾರದು. ಗುಂಡಿಯೊಳಗೆ ಉಳಿದ ತುಕ್ಕಿಗೆ ಫಾಸ್ಫೋರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಬಹುದು. ತಿನ್ನರಿನಲ್ಲಿ ಒರೆಸಿ, ಪ್ರೈಮರ್ ಹಚ್ಚಿ, ಮೇಲೆ ಹೊಂದುವ ಬಣ್ಣ. ಹತ್ತಿರದ ಬಣ್ಣ ಸಿಗದಿದ್ದರೆ ನೇಲ್ ಪಾಲಿಶ್ ಕೂಡ ನಡೆಯುತ್ತದೆ, ಅದೂ ಒಂದು ಬಗೆಯ ಲ್ಯಾಕರ್ರೇ. ಚಿಕ್ಕ ಗೀಚುಗಳಿಗೆ ಅದರ ಬ್ರಷ್ಷೇ ಸರಿಯಾದ ಅಳತೆ.

ಖರ್ಚು ಇನ್ನೂರು ಮುನ್ನೂರು ರೂಪಾಯಿ. ಬಣ್ಣ ಪಕ್ಕಾ ಹೊಂದುವುದಿಲ್ಲ, ಕಲೆ ಕಲೆಯಾಗಿ ಕಾಣುತ್ತದೆ. ಆದರೆ ಕಂಪನಿಯಲ್ಲಿ ಹಾಕಿದ ಬಣ್ಣದಷ್ಟು ಗಟ್ಟಿಯಾದದ್ದನ್ನು ಮನೆಯಲ್ಲಿ ಮತ್ತೆ ಹಾಕುವುದು ಕಷ್ಟ. ಫ್ರೇಮಿನಲ್ಲಿ ಮುಕ್ಕಾಲು ಪಾಲು ಹಳೆ ಬಣ್ಣ ಗಟ್ಟಿ ಇದ್ದರೆ ಅದನ್ನು ಕೆರೆದು ಹಾಕಬೇಡಿ. ನನ್ನನ್ನು ಕೇಳಿದವರಲ್ಲಿ ಅರ್ಧ ಜನಕ್ಕೆ ನಾನು ಹೇಳಿದ್ದು ಇಷ್ಟೇ.

ಬ್ರಷ್ ಮತ್ತು ಎನಾಮೆಲ್

ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ತೋಟದ ಗೇಟಿಗೆ, ಕಿಟಕಿ ಸರಳಿಗೆ ಬಳಿಯುವ ಅದೇ ರೆಡ್ ಆಕ್ಸೈಡ್ ಪ್ರೈಮರ್, ಅದೇ ಸಿಂಥೆಟಿಕ್ ಎನಾಮೆಲ್. ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಕ್ಕ ಡಬ್ಬಿಗಳಲ್ಲೇ ಸಿಗುತ್ತದೆ. ಎಲ್ಲ ಸೇರಿ ಐನೂರು ರೂಪಾಯಿ ಆಸುಪಾಸು. ಬ್ರಷ್ಷಿನ ಗೆರೆ ಕಾಣುತ್ತದೆ, ನುಣುಪು ಬರುವುದಿಲ್ಲ. ಪೂರ್ತಿ ಗಟ್ಟಿಯಾಗಲು ವಾರಕ್ಕಿಂತ ಜಾಸ್ತಿ ಬೇಕು.

ಆದರೆ ಪದರ ದಪ್ಪ ಬರುತ್ತದೆ. ಬಾಟಮ್ ಬ್ರಾಕೆಟ್ ಅಡಿಗೆ, ವೆಲ್ಡಿಂಗ್ ಸಂದಿಗೆ ಬ್ರಷ್ ತೂರಿಸಿ ಬಳಿಯಬಹುದು. ಸ್ಪ್ರೇ ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ. ಗೀಚು ಬಿದ್ದರೆ ಅದೇ ಡಬ್ಬಿ ಅಟ್ಟದಲ್ಲಿರುತ್ತದೆ, ಐದು ನಿಮಿಷದ ಕೆಲಸ. ದಿನಾ ಗೇಟಿಂದ ಕಣಕ್ಕೆ, ಕಣದಿಂದ ಪಂಪ್ ಹೌಸಿಗೆ ಓಡುವ ತೋಟದ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಉಕ್ಕಿನ ಫ್ರೇಮಿಗೆ ಮಾತ್ರ. ಅಲ್ಯೂಮಿನಿಯಂಗೆ ರೆಡ್ ಆಕ್ಸೈಡ್ ಹಿಡಿಯುವುದಿಲ್ಲ.

ಸ್ಪ್ರೇ ಕ್ಯಾನ್

ಎಲ್ಲರ ಮನಸ್ಸಿಗೆ ಮೊದಲು ಬರುವುದು ಇದೇ, ಎಲ್ಲರೂ ಅವಸರಪಟ್ಟು ಕೆಡಿಸಿಕೊಳ್ಳುವುದೂ ಇದನ್ನೇ. ಪ್ರೈಮರ್ ಒಂದು ಕ್ಯಾನ್, ಬಣ್ಣ ಎರಡು, ಮೇಲೆ ಹೊಡೆಯುವ ಪಾರದರ್ಶಕ ಪದರ, ಅಂದರೆ ಕ್ಲಿಯರ್, ಒಂದೋ ಎರಡೋ. ಉಪ್ಪುಕಾಗದ, ತಿನ್ನರ್, ಮಾಸ್ಕಿಂಗ್ ಟೇಪ್ ಸೇರಿಸಿದರೆ ಸಾವಿರದ ಇನ್ನೂರರಿಂದ ಸಾವಿರದ ಎಂಟುನೂರು ಆಗುತ್ತದೆ. ಇಲ್ಲಿ ಹೇಳುವ ರೇಟೆಲ್ಲ ನನ್ನ ಅಂದಾಜು. ಊರಿಂದ ಊರಿಗೆ ಹೆಚ್ಚು ಕಮ್ಮಿ ಇರುತ್ತದೆ.

ಕೆಲಸದಲ್ಲಿ ಮುಕ್ಕಾಲು ಪಾಲು ಉಜ್ಜುವುದು. ಫ್ರೇಮಿನಿಂದ ಎಲ್ಲ ಬಿಚ್ಚಿ. ಬಾಟಮ್ ಬ್ರಾಕೆಟ್ ಬಿಚ್ಚುವಾಗ ನೆನಪಿಡಿ, ಸಾಮಾನ್ಯ ಥ್ರೆಡ್ಡಿನ ಫ್ರೇಮುಗಳಲ್ಲಿ ಚೈನ್ ಇರುವ ಬದಿಯದ್ದು ಉಲ್ಟಾ ಥ್ರೆಡ್, ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿದರೆ ಸಡಿಲವಾಗುತ್ತದೆ. ಆ ಥ್ರೆಡ್ಡಿಗೆ, ಹ್ಯಾಂಡಲ್ ಕೂರುವ ಹೆಡ್ ಟ್ಯೂಬಿನ ಒಳಗೆ, ಸೀಟ್ ಟ್ಯೂಬಿನ ಬಾಯಿಗೆ, ಡಿಸ್ಕ್ ಬ್ರೇಕ್ ಕೂರುವ ಜಾಗಕ್ಕೆ, ಹಿಂದಿನ ಗೇರ್ ಕೂರುವ ಹ್ಯಾಂಗರಿಗೆ ಬಣ್ಣ ತಾಗದಂತೆ ಮುಚ್ಚಬೇಕು. ಹಳೆ ಬಣ್ಣ ಗಟ್ಟಿ ಇರುವ ಕಡೆ ಹೊಳಪು ಹೋಗುವಷ್ಟು 320 ಅಥವಾ 400ರಿಂದ ಉಜ್ಜಿದರೆ ಸಾಕು, ಲೋಹದವರೆಗೆ ಹೋಗಬೇಕಿಲ್ಲ. ಪೇಂಟ್ ರಿಮೂವರ್ ಬಳಸುವುದಾದರೆ ಕೈಗವಸು ಹಾಕಿ, ಬಯಲಲ್ಲಿ ಬಳಸಿ. ಅಲ್ಯೂಮಿನಿಯಂ ಫ್ರೇಮಿಗೆ ಕಾಸ್ಟಿಕ್ ಸೋಡಾ ಮಾತ್ರ ಹಾಕಲೇಬೇಡಿ, ಅದು ಲೋಹವನ್ನೇ ತಿನ್ನುತ್ತದೆ.

ಬರಿಯ ಅಲ್ಯೂಮಿನಿಯಂ ಕಾಣುವ ಕಡೆ ಎಚ್ (etch) ಪ್ರೈಮರ್ ಬೇಕೇ ಬೇಕು. ಉಜ್ಜಿದ ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿದ ಕೂಡಲೇ ತೆಳುವಾದ ಆಕ್ಸೈಡ್ ಪದರ ಬರುತ್ತದೆ, ಸಾಮಾನ್ಯ ಬಣ್ಣ ಅದಕ್ಕೆ ಸರಿಯಾಗಿ ಕಚ್ಚುವುದಿಲ್ಲ. ಎಚ್ ಪ್ರೈಮರಿನಲ್ಲಿರುವ ಆಮ್ಲ ಆ ಪದರವನ್ನು ಕಚ್ಚಿ ಹಿಡಿಯುತ್ತದೆ.

ಹೊಡೆಯುವಾಗ ಕ್ಯಾನ್ ಫ್ರೇಮಿನಿಂದ 20-25 ಸೆಂಟಿಮೀಟರ್ ದೂರ ಇರಲಿ. ಮೊದಲ ಸಲ ಹೊಡೆದಾಗ ಕೆಳಗಿನ ಬಣ್ಣ ಮುಚ್ಚಬಾರದು, ಮಂಜು ಕೂತಂತೆ ಕಾಣಬೇಕು. ಹತ್ತು ನಿಮಿಷ ಬಿಟ್ಟು ಇನ್ನೊಂದು, ಮತ್ತೆ ಇನ್ನೊಂದು. ಒಂದೇ ಸಲಕ್ಕೆ ಮುಚ್ಚಲು ಹೋದರೆ ಸೋರುತ್ತದೆ. ಮೊದಲು ಅಡಿಭಾಗ, ಸಂದಿಗಳು, ಆಮೇಲೆ ಉದ್ದ ಪೈಪುಗಳು. ಕ್ಯಾನಿನ ಮೇಲೆ ಎಷ್ಟು ಹೊತ್ತಿನೊಳಗೆ ಮುಂದಿನ ಕೋಟ್ ಹಾಕಬೇಕು ಎಂದು ಬರೆದಿರುತ್ತದೆ. ಆ ಹೊತ್ತು ಮೀರಿದರೆ ಪೂರ್ತಿ ಒಣಗುವ ತನಕ ಕಾಯಿರಿ. ನಡುವೆ ಹೊಡೆದರೆ ಕೆಳಗಿನ ಪದರ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ.

ಇನ್ನು ಇದರ ಕೊರತೆ. ಸಾಮಾನ್ಯ ಕ್ಯಾನಿನ ಬಣ್ಣ ಮೆದು. ಚೈನ್ ತೊಳೆಯುವಾಗ ಪೆಟ್ರೋಲ್ ಹನಿ ಬಿದ್ದರೆ ಕರಗುತ್ತದೆ. ಕೇಬಲ್ ಉಜ್ಜಿದರೆ ಒಂದೇ ಮಳೆಗಾಲಕ್ಕೆ ಸವೆಯುತ್ತದೆ. ಮೇಲಿನ ಕ್ಲಿಯರನ್ನು ಮಾತ್ರ ಹಾರ್ಡ್‌ನರ್ ಕೂಡಿದ 2ಕೆ, ಅಂದರೆ ಎರಡು ಭಾಗ ಬೆರೆಸುವ, ಕ್ಯಾನಿನಲ್ಲಿ ಹೊಡೆದರೆ ಬಾಳಿಕೆ ಎಷ್ಟೋ ಜಾಸ್ತಿ. ಅದರ ತಳದ ಗುಂಡಿ ಒತ್ತಿದರೆ ಒಳಗೆ ಹಾರ್ಡ್‌ನರ್ ಬೆರೆಯುತ್ತದೆ, ಆಮೇಲೆ ಒಂದೆರಡು ದಿನದೊಳಗೆ ಮುಗಿಸಬೇಕು. ಆದರೆ ಅದರಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇದೆ. ಒಮ್ಮೆ ಉಸಿರಿಗೆ ಒಗ್ಗದಂತಾದರೆ ಜೀವಮಾನ ಪೂರ್ತಿ ಅಸ್ತಮಾ ಕಾಡಬಹುದು. ಬಟ್ಟೆಯ ಮಾಸ್ಕ್, ಧೂಳಿನ ಮಾಸ್ಕ್ ಯಾವ ಉಪಯೋಗಕ್ಕೂ ಬಾರದು. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್, ಕನ್ನಡಕ, ಕೈಗವಸು ಇಷ್ಟಾದರೂ ಬೇಕು, ಅದೂ ಬಯಲಿನಲ್ಲಿ. ಅಷ್ಟು ಹೊಂದಿಸಲು ಆಗದಿದ್ದರೆ ಆ ಕ್ಯಾನ್ ತರಲೇಬೇಡಿ, ಪೇಂಟ್ ಶೆಡ್ಡಿಗೆ ಕೊಡಿ.

ಕಾರ್ ಪೇಂಟ್ ಶೆಡ್

ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ, ಎಲ್ಲ ಕಡೆ ಟಿಂಕರಿಂಗ್-ಪೇಂಟಿಂಗ್ ಮಾಡುವವರಿದ್ದಾರೆ. ಅವರು ಗನ್ನಿನಲ್ಲಿ ಹೊಡೆಯುವ 2ಕೆ ಬಣ್ಣ ಬರೀ ತಿನ್ನರ್ ಆರಿ ಒಣಗುವುದಲ್ಲ, ಹಾರ್ಡ್‌ನರ್ ಜೊತೆ ಸೇರಿ ಗಟ್ಟಿಯಾಗುವುದು. ಹಾಗಾಗಿ ಎಣ್ಣೆ, ಪೆಟ್ರೋಲಿಗೆ ಜಗ್ಗುವುದಿಲ್ಲ. ಬಿಸಿಲಿಗೂ ಬೇಗ ಮಂಕಾಗುವುದಿಲ್ಲ.

ಕೊಡಗಿನಲ್ಲಿ ಒಳ್ಳೆಯ ಫ್ರೇಮ್ ಇರುವವರಿಗೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ. ಕಾರಣ ಆ ಐದನೇ ಪ್ರಶ್ನೆ. ಯಾವುದಾದರೂ ಕಾರಿನ ಕಂಪನಿ ಬಣ್ಣವನ್ನೇ ಆರಿಸಿ, ಅದರ ಕೋಡ್ ಬರೆದಿಟ್ಟುಕೊಳ್ಳಿ. ಮುಂದೆ ಕಲ್ಲು ಬಡಿದು ಚಕ್ಕೆ ಎದ್ದರೆ ಅದೇ ಕೋಡಿನ ಟಚ್-ಅಪ್ ಬಾಟಲಿ ತಂದು ಮುಚ್ಚಬಹುದು. ಬಣ್ಣದ ಅಡಿಗೆ ಎಪಾಕ್ಸಿ ಪ್ರೈಮರ್ ಇದ್ದರೆ ಚಕ್ಕೆ ಎದ್ದ ಜಾಗದಲ್ಲೂ ತುಕ್ಕು ಬೇಗ ಹರಡುವುದಿಲ್ಲ. ಉಕ್ಕಿಗೂ ಅಲ್ಯೂಮಿನಿಯಂಗೂ ಎರಡಕ್ಕೂ ಎಪಾಕ್ಸಿ ಆಗುತ್ತದೆ. ಇದನ್ನು ಮಾತ್ರ ಬಾಯಿಬಿಟ್ಟು ಕೇಳಿ, ಇಲ್ಲದಿದ್ದರೆ ಕಾರಿಗೆ ಹಾಕುವ, ಮೇಲ್ಮೈ ನಯ ಮಾಡುವ ಸರ್ಫೇಸರ್ ಒಂದೇ ಹೊಡೆದು ಮುಗಿಸಿಬಿಡಬಹುದು.

ಖರ್ಚು ಮೂರರಿಂದ ಐದು ಸಾವಿರ. ಅದರಲ್ಲಿ ದೊಡ್ಡ ಪಾಲು ಉಜ್ಜುವ ಕೂಲಿ. ಬಿಚ್ಚುವುದು, ಉಜ್ಜುವುದು, ಮಾಸ್ಕಿಂಗ್ ಮಾಡುವುದು ನಿಮ್ಮದೇ ಆದರೆ ಸುಮಾರು ಕಡಿಮೆಯಾಗುತ್ತದೆ. ಬೇರೆ ಗಾಡಿಗೆ ಬಣ್ಣ ಕಲಸುವ ದಿನವೇ ನಿಮ್ಮ ಫ್ರೇಮೂ ಸೇರಿಕೊಂಡರೆ ಇನ್ನೂ ಕಡಿಮೆ. ಬಣ್ಣದ ಬಗ್ಗೆ ಹಟ ಇಲ್ಲದವರು ಹಾಗೆ ಕೇಳಿ ನೋಡಬಹುದು.

ಒಂದು ತೊಂದರೆ ಇದೆ. ಬಾಗಿಲು, ಬಾನೆಟ್ಟಿನಂಥ ಅಗಲ ತಗಡಿಗೆ ಒಗ್ಗಿದ ಕೈ ತೆಳು ಪೈಪಿಗೆ ಹೊಂದಿಕೊಳ್ಳಲು ಹೊತ್ತು ಬೇಕು. ಪೈಪ್ ಸೇರುವ ಕಡೆ ಸೋರುತ್ತದೆ, ಅಡಿಭಾಗ ತೆಳುವಾಗಿ ಉಳಿಯುತ್ತದೆ. ಫ್ರೇಮನ್ನು ತಲೆಕೆಳಗಾಗಿ ನೇತುಹಾಕಿ ಅಡಿಭಾಗದಿಂದ ಶುರು ಮಾಡಿ ಎಂದು ಹೇಳಿ. ಆಗ ಅಲ್ಲೇ ಇದ್ದು ನೋಡಿದರೆ ಒಳ್ಳೆಯದು, ಆದರೆ ಗಾಳಿ ಬರುವ ಬದಿಗೆ, ದೂರದಲ್ಲಿ ನಿಂತು.

ಪೌಡರ್ ಕೋಟಿಂಗ್

ಇದರ ಬಗ್ಗೆ ಕೇಳುವವರು ಜಾಸ್ತಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ಬಣ್ಣದ ಪುಡಿಗೆ ವಿದ್ಯುತ್ ಚಾರ್ಜ್ ಕೊಟ್ಟು ಲೋಹದ ಮೇಲೆ ಎರಚುತ್ತಾರೆ, ಅದು ಸುತ್ತಲೂ ಅಂಟಿಕೊಳ್ಳುತ್ತದೆ. ಆಮೇಲೆ 180ರಿಂದ 200 ಡಿಗ್ರಿ ಓವನ್ನಿನಲ್ಲಿ ಹತ್ತು-ಇಪ್ಪತ್ತು ನಿಮಿಷ ಬೇಯಿಸುತ್ತಾರೆ. ಪುಡಿ ಕರಗಿ ಒಂದೇ ಚರ್ಮದಂತೆ ಕೂರುತ್ತದೆ. ಸೋರುವುದಿಲ್ಲ, ಸಂದಿಗೂ ತಕ್ಕಮಟ್ಟಿಗೆ ಹೋಗುತ್ತದೆ, ಹೊರಗೆ ತೆಗೆದು ತಣ್ಣಗಾದ ಕೂಡಲೇ ಜೋಡಿಸಬಹುದು. ಪೆಟ್ಟು ತಡೆಯುವುದರಲ್ಲಿ ಮೇಲಿನ ಯಾವುದೂ ಇದಕ್ಕೆ ಸಮ ಇಲ್ಲ. ಎರಡರಿಂದ ನಾಲ್ಕು ಸಾವಿರ ಆಗಬಹುದು. ಹತ್ತಿರ ಸರಿಯಾದವರು ಸಿಗದಿದ್ದರೆ ಮೈಸೂರಿಗೆ ಹೋಗಬೇಕು. ಮಡಿಕೇರಿಯಿಂದ 120 ಕಿಲೋಮೀಟರ್, ಕೊಡಲು ಒಂದು ಸಲ, ತರಲು ಒಂದು ಸಲ.

ಹಾಗಿದ್ದರೆ ಎಲ್ಲರಿಗೂ ಇದನ್ನೇ ಯಾಕೆ ಹೇಳುವುದಿಲ್ಲ? ಎರಡು ಕಾರಣ.

ಒಂದು, ಗೀಚು ಬಿದ್ದ ಮೇಲಿನ ಕಥೆ. ಪೌಡರ್ ಪದರ ಗಟ್ಟಿ, ದಪ್ಪ. ಆದರೆ ಕೆಳಗೆ ಪ್ರೈಮರ್ ಇಲ್ಲದೆ ಬರಿಯ ಉಕ್ಕಿನ ಮೇಲೆ ಹಾಕಿದ್ದರೆ, ಒಂದು ಚಕ್ಕೆ ಎದ್ದ ಜಾಗದಿಂದ ನೀರು ಅಡಿಗೆ ನುಸುಳುತ್ತದೆ. ಮೇಲೆ ಬಣ್ಣ ಹೊಳೆಯುತ್ತಲೇ ಇರುತ್ತದೆ, ಅಡಿಯಲ್ಲಿ ತುಕ್ಕು ಹರಿದಾಡುತ್ತದೆ. ಜೂನ್‌ನಲ್ಲಿ ಬಿದ್ದ ಗೀಚು ಅಕ್ಟೋಬರಿನಲ್ಲಿ ಅಂಗೈ ಅಗಲದ ಸಿಪ್ಪೆಯಾಗಿ ಎದ್ದು ಬಂದದ್ದನ್ನು ನಾನು ನೋಡಿದ್ದೇನೆ. ಅದರ ಮೇಲೆ ಮನೆಯಲ್ಲಿ ತೇಪೆ ಹಚ್ಚಿದರೂ ಅಂಚು ಕೂರುವುದು ಕಷ್ಟ. ಝಿಂಕ್ ಇರುವ ಎಪಾಕ್ಸಿ ಪೌಡರ್ ಪ್ರೈಮರ್ ಮೊದಲು ಹಾಕಿ, ಮೇಲೆ ಬಣ್ಣದ ಪೌಡರ್ ಹಾಕುವವರಾದರೆ ಮಾತ್ರ ಮಡಿಕೇರಿ, ಭಾಗಮಂಡಲ ಕಡೆಯ ಉಕ್ಕಿನ ಫ್ರೇಮ್ ಕೊಡಿ. ಒಂದೇ ಕೋಟ್ ಅಂದರೆ ಬೇಡ.

ಇನ್ನೊಂದು, ಹೆಚ್ಚಿನ ಕಡೆ ಅವರಿಗೆ ಬರುವ ಕೆಲಸ ಗೇಟು, ಗ್ರಿಲ್ಲು, ಕುರ್ಚಿ. ಸೈಕಲ್ ಫ್ರೇಮಿನ ಸೂಕ್ಷ್ಮ ಅವರಿಗೆ ಗೊತ್ತಿರಬೇಕೆಂದಿಲ್ಲ. ನಾನು ಒಮ್ಮೆ ಒಂದು ಅಂಗಡಿಗೆ ಫ್ರೇಮ್ ಕೊಟ್ಟು ಏನೂ ಹೇಳದೆ ಬಂದೆ. ಬಣ್ಣ ಕನ್ನಡಿಯಂತೆ ಬಂದಿತ್ತು. ಆದರೆ ಬಾಟಮ್ ಬ್ರಾಕೆಟ್ ಥ್ರೆಡ್ಡಿನ ಒಳಗೂ ಪೌಡರ್ ಬೆಂದು ಕೂತಿತ್ತು, ಹೆಡ್ ಟ್ಯೂಬಿನ ಒಳಗೂ. ಬೇರಿಂಗ್ ಕೂರುವ ಕಪ್ ಎರಡು ಸುತ್ತು ಹೋಗಿ ನಿಂತುಬಿಟ್ಟಿತು. ಥ್ರೆಡ್ ಕೊರೆಯುವ ಆ ಅಳತೆಯ ಟ್ಯಾಪ್ ನಮ್ಮ ಕಡೆಯ ಲೇತ್‌ಗಳಲ್ಲಿ ಎಲ್ಲೂ ಸಿಗಲಿಲ್ಲ. ಮತ್ತೆ ಮೈಸೂರಿಗೆ ಹೋಗಿ ಥ್ರೆಡ್ ತೆಗೆಸಿದ ಖರ್ಚು ಬಣ್ಣದ ಖರ್ಚಿನ ಅರ್ಧಕ್ಕೆ ಬಂತು. ಈಗ ಕೊಡುವಾಗ ಹಳೆಯ ಲೋಹದ ಕಪ್‌ಗಳನ್ನು, ಬೇರಿಂಗ್, ಪ್ಲಾಸ್ಟಿಕ್ ಏನೂ ಇಲ್ಲದೆ, ತಿರುಗಿಸಿಯೇ ಕೊಡುತ್ತೇನೆ. ಬಣ್ಣ ಬೇಡದ ಜಾಗಗಳನ್ನು ಮಾರ್ಕರಿನಲ್ಲಿ ಸುತ್ತು ಹಾಕಿ ಫೋಟೋ ತೆಗೆದು ಕಳಿಸುತ್ತೇನೆ.

ಇನ್ನೂ ಎರಡು ಮಾತು ಕೇಳಲೇಬೇಕು. ಹಳೆ ಬಣ್ಣ ತೆಗೆಯುವುದು ಹೇಗೆ? ಗೇಟಿಗೆ ಹೊಡೆಯುವ ದಪ್ಪ ಮರಳನ್ನು ಅದೇ ಒತ್ತಡದಲ್ಲಿ ಹೊಡೆದರೆ ಅಲ್ಯೂಮಿನಿಯಂ ಮತ್ತು ತೆಳು ಕ್ರೋಮೋಲಿ ಪೈಪ್ ಕೆಡುತ್ತದೆ. ಒಳ್ಳೆಯ ಕ್ರೋಮೋಲಿ ಪೈಪು ನಡುವೆ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ನುಣುಪಾದ ಗ್ಲಾಸ್ ಬೀಡ್, ಕಡಿಮೆ ಒತ್ತಡ ಇರಬೇಕು. ಆಸಿಡ್ ತೊಟ್ಟಿಯಲ್ಲಿ ಮುಳುಗಿಸುವವರಾದರೆ ಫ್ರೇಮ್ ಕೊಡಬೇಡಿ. ಪೈಪಿನ ಒಳಗೆ ಉಳಿದ ಆಸಿಡ್ ಒಳಗಿಂದ ತಿನ್ನುತ್ತದೆ. ಎರಡನೆಯದು ಬಿಸಿ. ಉಕ್ಕಿಗೆ 200 ಡಿಗ್ರಿ ಏನೂ ಅಲ್ಲ. ಅಲ್ಯೂಮಿನಿಯಂ ಫ್ರೇಮಿಗೆ ಬಲ ಬಂದದ್ದೇ ಬಿಸಿಯಲ್ಲಿ ಹದ ಮಾಡಿದ್ದರಿಂದ. ಅದನ್ನು ಹೆಚ್ಚು ಬಿಸಿಯಲ್ಲಿ ಹೆಚ್ಚು ಹೊತ್ತು ಇಟ್ಟರೆ ಆ ಹದ ಇಳಿಯುತ್ತದೆ. 180ರ ಪೌಡರ್, ಸರಿಯಾದ ಹೊತ್ತು, ಒಂದೇ ಸಲ ಅಂದರೆ ತೊಂದರೆ ಇಲ್ಲ. ಮತ್ತೆ ಮತ್ತೆ ಬೇಯಿಸುವುದು ಬೇಡ. ಕಾರ್ಬನ್ ಫ್ರೇಮ್ ಓವನ್ನಿಗೆ ಹೋಗಲೇಬಾರದು, ನಾರನ್ನು ಹಿಡಿದಿಟ್ಟ ರಾಳವೇ ಕೆಡುತ್ತದೆ. ಅದಕ್ಕೆ ಪೇಂಟ್ ರಿಮೂವರ್ ಕೂಡ ಬೇಡ. ಕೈಯಿಂದ ಹಗುರಾಗಿ ಉಜ್ಜಿ, ಪೇಂಟ್ ಶೆಡ್ಡಿನ ಬಣ್ಣ, ಅಷ್ಟೇ ದಾರಿ.

ಬಣ್ಣ ಪೂರ್ತಿ ತೆಗೆದು ಬರಿಯ ಲೋಹದ ಮೇಲೆ ಕ್ಲಿಯರ್ ಹೊಡೆಸಿದ ಫೋಟೋ ತೋರಿಸಿ ಕೆಲವರು ಕೇಳುತ್ತಾರೆ. ಉಕ್ಕಿನ ಫ್ರೇಮಿಗೆ ಕೊಡಗಿನಲ್ಲಿ ಬೇಡವೇ ಬೇಡ. ಒಂದು ಮಳೆಗಾಲದಲ್ಲಿ ಕ್ಲಿಯರ್ ಅಡಿಯಲ್ಲಿ ತುಕ್ಕು ಎರೆಹುಳದಂತೆ ಹರಿದಿರುತ್ತದೆ. ಅಲ್ಯೂಮಿನಿಯಂಗೆ ಆಗಬಹುದು, ಆಗಾಗ ಪಾಲಿಶ್ ಮಾಡುವ ತಾಳ್ಮೆ ಇದ್ದರೆ.

ಯಾವಾಗ ಮಾಡಬೇಕು

ದಾರಿ ಯಾವುದೇ ಇರಲಿ, ಮನೆಯಲ್ಲಿ ಬಣ್ಣ ಹೊಡೆಯುವುದಾದರೆ ಜನವರಿಯಿಂದ ಮಾರ್ಚ್ ಒಳಗೆ. ಒಂದು ಜುಲೈಯಲ್ಲಿ ಎರಡು ದಿನ ಮಳೆ ಬಿಟ್ಟಿತ್ತೆಂದು ನಾನು ಕ್ಲಿಯರ್ ಹೊಡೆದೆ. ಕಣ್ಣೆದುರೇ ಹಸಿರು ಬಣ್ಣದ ಮೇಲೆ ಹಾಲು ಚೆಲ್ಲಿದಂತೆ ಬಿಳುಪು ಬಂತು. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲ ಉಜ್ಜಿ ತೆಗೆದು ಮತ್ತೆ ಮಾಡಬೇಕಾಯಿತು.

ಸುಲಭದ ಪರೀಕ್ಷೆ ಒಂದಿದೆ. ಒದ್ದೆ ಬಟ್ಟೆಯಿಂದ ಫ್ರೇಮಿನ ಮೇಲೆ ತೆಳುವಾಗಿ ಒಂದು ಪಟ್ಟಿ ಎಳೆಯಿರಿ. ಹತ್ತು ಹದಿನೈದು ನಿಮಿಷದಲ್ಲಿ ತೇವ ಮಾಯವಾಗದಿದ್ದರೆ ಅವತ್ತು ಬಣ್ಣ ಬೇಡ. ಜನವರಿಯಲ್ಲೂ ಬೆಳಿಗ್ಗೆ ಇಬ್ಬನಿ ಇರುತ್ತದೆ. ಹತ್ತು ಗಂಟೆಗೆ ಮುಂಚೆ ಶುರು ಮಾಡಬೇಡಿ, ಮೂರಕ್ಕೆಲ್ಲ ಮುಗಿಸಿ. ಕಾಫಿ ಒಣಗಿಸುವ ಕಣದ ಹತ್ತಿರ ಬೇಡ, ಬೀಜ ಕೆದಕಿದಾಗ ಏಳುವ ಧೂಳು, ಸಿಪ್ಪೆ ಎಲ್ಲ ಬಂದು ಕೂರುತ್ತದೆ. ಮೂರು ಬದಿ ಗೋಡೆ ಇರುವ ಶೆಡ್ಡಿನಲ್ಲಿ ನೆಲಕ್ಕೆ ನೀರು ಚಿಮುಕಿಸದೆ, ಹಿಂದಿನ ದಿನವೇ ಗುಡಿಸಿಟ್ಟು ಹೊಡೆಯಿರಿ. ಫೆಬ್ರವರಿ ಕೊನೆಯಿಂದ, ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬೇಕಾದರೂ ಬರಬಹುದು. ಅದನ್ನು ತೋಟದವರು ಕಾಯುತ್ತಾ ಇರುತ್ತಾರೆ, ನೀವು ಮಾತ್ರ ಅಷ್ಟರೊಳಗೆ ಮುಗಿಸಿರಬೇಕು.

ಯಾರಿಗೆ ಯಾವುದು

ಕಾಲೇಜಿಗೆ ಹೋಗುವ ಹುಡುಗ, ಉಕ್ಕಿನ ಹಳೆ ಗಾಡಿ, ಕೈಯಲ್ಲಿ ಐನೂರು ರೂಪಾಯಿ. ತೇಪೆ ಹಚ್ಚಲಿ. ಬಣ್ಣ ಪೂರ್ತಿ ಹೋಗಿದ್ದರೆ ರೆಡ್ ಆಕ್ಸೈಡ್, ಎನಾಮೆಲ್. ಉಜ್ಜುವ ಕೆಲಸ ಸರಿಯಾಗಿ ಮಾಡಿದರೆ ದೂರದಿಂದ ಚೆನ್ನಾಗಿಯೇ ಕಾಣುತ್ತದೆ.

ಭಾನುವಾರ ಮಾತ್ರ ಓಡಿಸುವವರು, ಸೈಕಲ್ ಮನೆಯೊಳಗೆ, ಕೈಕೆಲಸದಲ್ಲಿ ಖುಷಿ ಇದೆ, ತಮಗೆ ಬೇಕಾದ ಬಣ್ಣವೇ ಬೇಕು. ಸ್ಪ್ರೇ ಕ್ಯಾನ್. ಎರಡು ವಾರ ಬಿಡುವು ಇಟ್ಟುಕೊಳ್ಳಿ, ಎರಡು ದಿನವಲ್ಲ.

ಒಳ್ಳೆಯ ಕ್ರೋಮೋಲಿ ಅಥವಾ ಅಲ್ಯೂಮಿನಿಯಂ ಫ್ರೇಮ್, ಮಳೆಗಾಲದಲ್ಲೂ ಓಡಿಸುವವರು. ಪೇಂಟ್ ಶೆಡ್, ಎಪಾಕ್ಸಿ ಪ್ರೈಮರ್, ಕಾರ್ ಕೋಡಿನ ಬಣ್ಣ.

ದಪ್ಪ ಉಕ್ಕಿನ ಫ್ರೇಮ್, ಗುಡ್ಡ ಇಳಿಸುವಾಗ ಬೀಳಿಸುವವರು, ಬಣ್ಣಕ್ಕಿಂತ ಪೆಟ್ಟು ತಡೆಯುವುದು ಮುಖ್ಯ. ಎರಡು ಕೋಟಿನ ಪೌಡರ್. ಕುಶಾಲನಗರ, ಸೋಮವಾರಪೇಟೆ ಪೂರ್ವದ ಒಣ ಭಾಗದವರಾದರೆ ಒಂದೇ ಕೋಟಿನದ್ದೂ ನಡೆದೀತು.

ಇನ್ನು ಯಾವ ಬಣ್ಣವೂ ಬೇಡವಾದ ಫ್ರೇಮುಗಳೂ ಇವೆ. ಉಕ್ಕಿನ ಫ್ರೇಮ್ ಹೆಚ್ಚಾಗಿ ಕೊಳೆಯುವುದು ಒಳಗಿಂದ. ಸೀಟ್ ಪೋಸ್ಟ್ ಬಾಯಿಂದ ಇಳಿದ ನೀರು ಬಾಟಮ್ ಬ್ರಾಕೆಟ್ಟಿನಲ್ಲಿ ನಿಲ್ಲುತ್ತದೆ. ದುಡ್ಡು ಹಾಕುವ ಮೊದಲು ಆ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಠಣ್ ಎನ್ನುವ ಬದಲು ಮಂಕಾಗಿ ಸದ್ದು ಬಂದರೆ, ಮೊನೆಯಿಂದ ಒತ್ತಿದರೆ ತಗಡು ಒಳಗೆ ಹೋದರೆ, ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯ ಬಿರುಕು ಕಂಡರೆ ಆ ಫ್ರೇಮಿಗೆ ಬಣ್ಣ ಹಾಕಿ ಬಿರುಕು ಮುಚ್ಚಬೇಡಿ. ಘಾಟಿ ಇಳಿಯುವಾಗ ಮುರಿದರೆ ಪ್ರಾಣಕ್ಕೇ ಅಪಾಯ.

ಗಟ್ಟಿ ಇದ್ದರೆ, ಬಣ್ಣ ಆದ ಮೇಲೆ ಜೋಡಿಸುವ ಮೊದಲು ಒಳಗೂ ಒಂದು ಸಲ ನೋಡಿಕೊಳ್ಳಿ. ಪೈಪಿನ ಒಳಗೆ ಕ್ಯಾವಿಟಿ ವ್ಯಾಕ್ಸ್ ಹೊಡೆಯಿರಿ, ಇಲ್ಲದಿದ್ದರೆ ಅಗಸೆ ಎಣ್ಣೆ ಸುರಿದು ಫ್ರೇಮನ್ನು ಎಲ್ಲ ಬದಿಗೂ ತಿರುಗಿಸಿ, ಉಳಿದದ್ದನ್ನು ಬಸಿಯಿರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹಿಡಿಯಬಹುದು, ನೀರಿನಲ್ಲಿ ನೆನೆಸಿಡಿ. ಬಾಟಮ್ ಬ್ರಾಕೆಟ್ ಅಡಿಯ ಚಿಕ್ಕ ತೂತು ಬಣ್ಣದಿಂದ ಮುಚ್ಚಿಹೋಗಿದ್ದರೆ ಬಿಡಿಸಿ, ನೀರು ಬಸಿಯುವುದು ಅಲ್ಲೇ. ಥ್ರೆಡ್ಡಿಗೆ, ಸೀಟ್ ಪೋಸ್ಟಿಗೆ ಗ್ರೀಸ್ ಹಚ್ಚಿ.

ಸ್ಪ್ರೇ ಅಥವಾ ಎನಾಮೆಲ್ ಆಗಿದ್ದರೆ ಎರಡು ವಾರ ಹಾಗೇ ತೂಗುಹಾಕಿ. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ ಜೋಡಿಸಿ. ಗಾಡಿಗಳಿಗೆ ರೇಡಿಯಂ ಸ್ಟಿಕ್ಕರ್ ಅಂಟಿಸುವ ಅಂಗಡಿಯಲ್ಲಿ ಪಾರದರ್ಶಕ ದಪ್ಪ ಫಿಲ್ಮ್ ಸಿಗುತ್ತದೆ. ಕೇಬಲ್ ಉಜ್ಜುವ ಕಡೆ ಎರಡು ಇಂಚಿನ ತುಂಡು, ಚೈನ್ ಬಡಿಯುವ ಹಿಂಚಕ್ರದ ಪಕ್ಕದ ಪೈಪು, ಅಂದರೆ ಚೈನ್ ಸ್ಟೇ ಮೇಲೆ ಚಕ್ರದ ಹಳೆ ರಬ್ಬರ್ ಟ್ಯೂಬಿನ ಒಂದು ಪಟ್ಟಿ, ಡೌನ್ ಟ್ಯೂಬಿನ ಅಡಿಗೆ ಉದ್ದಕ್ಕೂ ಒಂದು ಫಿಲ್ಮ್. ಟ್ಯೂಬಿನ ಪಟ್ಟಿಯನ್ನು ಮೇ ಕೊನೆಯಲ್ಲಿ ಒಮ್ಮೆ ಬಿಚ್ಚಿ, ಅಡಿಯಲ್ಲಿ ನೀರು ನಿಂತಿದೆಯಾ ನೋಡಿ, ಒರೆಸಿ ಮತ್ತೆ ಕಟ್ಟಿ. ಅಕ್ಟೋಬರಿನಲ್ಲಿ ಇನ್ನೊಮ್ಮೆ.